ಅರಳೆ ಹೋಗಿ ಅರಿವೆ ಬಂದ ದಾರಿ: ಭಾರತ–ಜಪಾನ್ ಹತ್ತಿ ವ್ಯಾಪಾರ, 1893–1941

ಭಾರತ ಮತ್ತು ಜಪಾನ್ ದೇಶಗಳ ಸಂಬಂಧವನ್ನು ಕುರಿತ ಬರಹಗಳಲ್ಲಿ ಬೌದ್ಧಧರ್ಮಕ್ಕೆ, ರವೀಂದ್ರನಾಥ ಠಾಕೂರರ ಪ್ರವಾಸಗಳಿಗೆ, ಸುಭಾಷಚಂದ್ರ ಬೋಸರ ಸೇನೆಗೆ ದೊರೆತಿರುವ ಸ್ಥಾನ ಹತ್ತಿಯ ಬೇಲಿಗೆ ದೊರೆತಿಲ್ಲ. ಆರ್ಥಿಕ ಇತಿಹಾಸಕಾರರು ಈ ವ್ಯಾಪಾರವನ್ನು ವಿಸ್ತಾರವಾಗಿ ಅಭ್ಯಸಿಸಿದ್ದಾರೆಂಬುದು ನಿಜ. ಆದರೆ ಅವರ ಕೃತಿಗಳಲ್ಲಿ ಸಾಮಾನ್ಯವಾಗಿ ಎರಡು ಪಟ್ಟಿಗಳನ್ನು ಎದುರುಬದುರು ಇರಿಸಿ ನೋಡುವ ಕ್ರಮ ಕಂಡುಬರುತ್ತದೆ: ಇತ್ತಣಿಂದ ಹೋದ ಅರಳೆ ಎಷ್ಟು, ಅತ್ತಣಿಂದ ಬಂದ ಬಟ್ಟೆ ಎಷ್ಟು ಎಂದು. ಸರಕನ್ನು ಹೊತ್ತ ಹಡಗು ಯಾರದು, ಅದಕ್ಕೆ ಹಣ ಒದಗಿಸಿದ ಬ್ಯಾಂಕು ಯಾರದು, ಪೇಟೆಯಲ್ಲಿ ನಿಂತು ಕೊಂಡವರು ಯಾರು ಎಂಬ ಪ್ರಶ್ನೆಗಳು ಈ ಪಟ್ಟಿಗಳ ಹೊರಗೆ ಉಳಿಯುತ್ತವೆ. ಇಂದು ಅರ್ಥಶಾಸ್ತ್ರಜ್ಞರು 'ಸೇವೆಗಳ ವ್ಯಾಪಾರ' ಎಂದು ಕರೆಯುವುದು ಇದನ್ನೇ. 1893ರಿಂದ 1941ರವರೆಗಿನ ಅವಧಿಯಲ್ಲಿ ಈ ಎರಡು ದೇಶಗಳ ನಡುವಣ ವ್ಯಾಪಾರದ ಲಾಭನಷ್ಟಗಳನ್ನು ಸರಕಿಗಿಂತ ಹೆಚ್ಚಾಗಿ ಸೇವೆಗಳೇ ನಿರ್ಧರಿಸಿದವೆಂಬುದು ನಮ್ಮ ಅಭಿಪ್ರಾಯ. ಅದನ್ನು ಲಭ್ಯ ಸಂಗತಿಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪೇಟೆಯ ಒಂದು ಹೆಸರಿನಿಂದ ಆರಂಭಿಸೋಣ. ಮುಂಬಯಿಯ ಹತ್ತಿ ಪೇಟೆಯಲ್ಲೂ ಲಿವರ್‌ಪೂಲಿನಲ್ಲೂ 'ಕುಮಟಾ' ಎಂಬ ಹೆಸರಿನ ಹತ್ತಿ ಬಹುಕಾಲ ಪ್ರಸಿದ್ಧವಾಗಿತ್ತು. ಉತ್ತರ ಕನ್ನಡದ ಕುಮಟೆಯನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದಿರದು. ಅಷ್ಟೊಂದು ಮಳೆ ಬೀಳುವ ಕರಾವಳಿಯ ನೆಲದಲ್ಲಿ ಹತ್ತಿ ಬೆಳೆಯುವುದುಂಟೆ? ಬೆಳೆದದ್ದು ಧಾರವಾಡ ಸೀಮೆಯ ಎರೆಭೂಮಿಯಲ್ಲಿ. ಎತ್ತುಗಳ ಬೆನ್ನ ಮೇಲೆ ಘಟ್ಟವಿಳಿದು ಕುಮಟೆಯ ಬಂದರಿಗೆ ಬಂದು, ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದ ಊರಿನ ಹೆಸರು ಅಳಿದು, ಸಾಗಿಸಿದ ಬಂದರಿನ ಹೆಸರು ಸರಕಿಗೆ ಅಂಟಿಕೊಂಡಿತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ ನಿರ್ಧಾರದ ಹಿಂದೆಯೂ ಈ ಹತ್ತಿಯ ದಾರಿಯ ಹಿತಾಸಕ್ತಿ ಕೆಲಸ ಮಾಡಿತ್ತು. 1880ರ ದಶಕದಲ್ಲಿ ಹುಬ್ಬಳ್ಳಿಯ ಕಡೆಯಿಂದ ಮರ್ಮಗೋವೆಗೆ ರೈಲುಮಾರ್ಗ ತೆರೆದ ಮೇಲೆ ಕುಮಟೆಯ ಬಂದರು ಬಡವಾಯಿತು. ಪೇಟೆಯಲ್ಲಿ ಹೆಸರು ಮಾತ್ರ ಅನೇಕ ದಶಕಗಳವರೆಗೆ ಉಳಿಯಿತು. ಸಾಗಣೆಯು ಸರಕಿನ ಗುರುತನ್ನೇ ಬದಲಿಸಬಲ್ಲದೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಕಿಲ್ಲ.

ಆದರೆ ಇಲ್ಲಿಯೇ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕಾಗುತ್ತದೆ. ಜಪಾನಿನ ಗಿರಣಿಗಳು ಹೆಚ್ಚಾಗಿ ಕೊಂಡದ್ದು ಕನ್ನಡ ಜಿಲ್ಲೆಗಳ ಹತ್ತಿಯನ್ನಲ್ಲ. ವರ್ಹಾಡ ಮತ್ತು ಖಾನದೇಶಗಳ 'ಉಮ್ರಾ', ಉತ್ತರದ ಬಯಲುಗಳ 'ಬೆಂಗಾಲ್' ಎಂಬ ಗಿಡ್ಡ ಎಳೆಯ ಜಾತಿಗಳೇ ಅವುಗಳ ಮುಖ್ಯ ಖರೀದಿಯಾಗಿದ್ದವು. (ಉಮ್ರಾ ಎಂಬುದು ಅಮರಾವತಿಯ ಅಪಭ್ರಂಶ, ಬೆಂಗಾಲ್ ಹತ್ತಿಯಾದರೋ ಬಂಗಾಳದ್ದೇ ಅಲ್ಲ, ಸಂಯುಕ್ತ ಪ್ರಾಂತ, ಪಂಜಾಬ, ಸಿಂಧಗಳದ್ದು. ಪೇಟೆಯ ಹೆಸರುಗಳನ್ನು ಭೂಗೋಳದ ಹೆಸರುಗಳೆಂದು ನಂಬಿದ ಸಂಶೋಧಕನು ದಾರಿ ತಪ್ಪುವುದು ಸುಲಭ.) ಕುಮಟಾ ಹಾಗೂ 1840ರ ದಶಕದಲ್ಲಿ ಧಾರವಾಡ ಸೀಮೆಯಲ್ಲಿ ನೆಲೆಗೊಂಡ ಧಾರವಾಡ–ಅಮೇರಿಕನ್ ಜಾತಿಗಳ ಎಳೆ ಸ್ವಲ್ಪ ಉದ್ದವಾದದ್ದು, ದೇಶದೊಳಗಿನ ಗಿರಣಿಗಳಲ್ಲೇ ಅವಕ್ಕೆ ಬೇಡಿಕೆಯಿತ್ತು. ಆದ್ದರಿಂದ ಒಸಾಕಾದ ಕದಿರುಗಳು ಧಾರವಾಡದ ಅರಳೆಯಿಂದಲೇ ತಿರುಗಿದವೆಂದು ಯಾರಾದರೂ ಬರೆದರೆ ಅದು ಅಭಿಮಾನದ ಮಾತಾದೀತೇ ಹೊರತು ಇತಿಹಾಸವಾಗದು. ಸಂಬಂಧವಿದ್ದದ್ದು ಬೆಲೆಯ ಮೂಲಕ. ಅದಕ್ಕೆ ಮುಂದೆ ಬರುತ್ತೇವೆ.

ಜಪಾನಿನ ಆಧುನಿಕ ನೂಲು ಗಿರಣಿಗಳ ಚರಿತ್ರೆ 1883ರಲ್ಲಿ ಕೆಲಸ ಆರಂಭಿಸಿದ ಒಸಾಕಾ ನೂಲು ಗಿರಣಿಯಿಂದ ಎದ್ದು ಕಾಣುತ್ತದೆ. ಅದರ ಹಿಂದಿದ್ದ ಪ್ರೇರಕ ಶಕ್ತಿ ಶಿಬುಸಾವಾ ಎಯಿಚಿ. ಆಗ ಜಪಾನಿನ ನೇಕಾರರು ಬಳಸುತ್ತಿದ್ದ ಗಿರಣಿ ನೂಲಿನಲ್ಲಿ ಮುಂಬಯಿಯ ನೂಲೂ ಒಂದು ಮುಖ್ಯ ಭಾಗವಾಗಿತ್ತು. ಅಂದರೆ ಭಾರತವು ಜಪಾನಿಗೆ ಮೊದಲು ಮಾರಿದ್ದು ಅರಳೆಯನ್ನಲ್ಲ, ತಯಾರಾದ ನೂಲನ್ನು. ಜಪಾನೀಯರು 1889ರಲ್ಲಿ ಭಾರತಕ್ಕೆ ತಂಡವೊಂದನ್ನು ಕಳುಹಿಸಿ ಇಲ್ಲಿನ ಹತ್ತಿಯನ್ನು ಪರೀಕ್ಷಿಸಿದರು. ಅವರ ಗಿರಣಿಗಳು ಬಹುಬೇಗ ರಿಂಗ್ ಕದಿರುಗಳಿಗೆ ಬದಲಾಯಿಸಿಕೊಂಡವು. ಬೇರೆ ಬೇರೆ ದೇಶಗಳ, ಬೇರೆ ಬೇರೆ ಎಳೆಯ ಅರಳೆಗಳನ್ನು ಹದವರಿತು ಬೆರೆಸಿ ನೂಲುವ ಕಲೆಯನ್ನು ಸಾಧಿಸಿದವು. ಲ್ಯಾಂಕಶೈರಿಗೆ ಬೇಡವಾಗಿದ್ದ ನಮ್ಮ ಗಿಡ್ಡ ಎಳೆಯ ಹತ್ತಿ ಈ ಬೆರಕೆಯಲ್ಲಿ ಅಗ್ಗದ ಅಂಶವಾಗಿ ಸೇರಿಕೊಂಡಿತು.

ಉಳಿದಿದ್ದ ತೊಡಕು ಒಂದೇ: ಹಡಗಿನ ಬಾಡಿಗೆ. ಮುಂಬಯಿಯಿಂದ ಪೂರ್ವ ಏಷ್ಯಕ್ಕೆ ಹೋಗುವ ಮಾರ್ಗವು ಪಿ. ಆಂಡ್ ಓ. ಎಂಬ ಬ್ರಿಟಿಷ್ ಕಂಪನಿ, ಆಸ್ಟ್ರಿಯನ್ ಲಾಯ್ಡ್ ಹಾಗೂ ಇಟಲಿಯ ರುಬಾತಿನೋ ಕಂಪನಿಗಳ ಕೂಟದ ವಶದಲ್ಲಿತ್ತು. ಬಾಡಿಗೆಯನ್ನು ಕೂಟವೇ ಗೊತ್ತುಮಾಡುತ್ತಿತ್ತು. ಚೀನಕ್ಕೆ ನೂಲು ಕಳುಹಿಸುತ್ತಿದ್ದ ಮುಂಬಯಿಯ ಗಿರಣಿ ಮಾಲೀಕರಿಗೂ, ಅರಳೆ ತರಿಸಿಕೊಳ್ಳುತ್ತಿದ್ದ ಒಸಾಕಾದ ಗಿರಣಿಗಳಿಗೂ ಇದು ಸಮಾನ ಸಂಕಟವಾಗಿತ್ತು. 1893ರಲ್ಲಿ ಜಮ್‌ಶೇಟ್‌ಜಿ ಟಾಟಾ ಜಪಾನಿಗೆ ಹೋದದ್ದು ಈ ಹಿನ್ನೆಲೆಯಲ್ಲಿ. ಆ ಪ್ರಯಾಣವನ್ನು ನಮ್ಮ ಜನ ಇಂದು ನೆನೆಯುವುದು ಯೊಕೊಹಾಮಾದಿಂದ ಮುಂದೆ ಹೋದ ಹಡಗಿನಲ್ಲಿ ವಿವೇಕಾನಂದರೂ ಇದ್ದರೆಂಬ ಕಾರಣಕ್ಕೆ. ನಮ್ಮ ವಿಷಯಕ್ಕೆ ಅದಕ್ಕಿಂತ ಮಹತ್ವದ್ದು ಜಪಾನಿನ ಹಡಗು ಕಂಪನಿಯಾದ ನಿಪ್ಪಾನ್ ಯೂಸೆನ್ ಕೈಶಾ ಹಾಗೂ ಅಲ್ಲಿನ ನೂಲು ಗಿರಣಿಗಳ ಸಂಘದೊಡನೆ ಆದ ಏರ್ಪಾಡು. ಟಾಟಾ ತಾವೂ ಹಡಗುಗಳನ್ನು ಓಡಿಸಿ ಅಪಾಯದಲ್ಲಿ ಪಾಲುಗೊಳ್ಳಬೇಕು. ಜಪಾನಿನ ಕಂಪನಿಯೂ ಹಡಗುಗಳನ್ನು ಒದಗಿಸುತ್ತದೆ. ಗಿರಣಿಗಳ ಸಂಘವು ತನ್ನ ಅರಳೆಯನ್ನು ಈ ಹಡಗುಗಳಲ್ಲೇ ತರಿಸುತ್ತದೆ. 1893ರ ನವೆಂಬರ್ 7ರಂದು 'ಹಿರೋಶಿಮಾ ಮಾರು' ಕೋಬೆಯಿಂದ ಮುಂಬಯಿಯತ್ತ ಹೊರಟಿತು. ಜಪಾನಿನ ದೂರಸಮುದ್ರದ ನಿಯತ ಹಡಗು ಮಾರ್ಗಗಳಲ್ಲಿ ಇದೇ ಮೊದಲನೆಯದು.

ಮುಂದೆ ನಡೆದದ್ದನ್ನು 'ಬಾಡಿಗೆಯ ಯುದ್ಧ' ಎಂದು ಕರೆಯುವ ವಾಡಿಕೆಯಿದೆ. ಟನ್ನಿಗೆ 17 ರೂಪಾಯಿಗಳಷ್ಟಿದ್ದ ಬಾಡಿಗೆಯನ್ನು ಕೂಟವು ಒಂದೂವರೆ ರೂಪಾಯಿಗೆ ಇಳಿಸಿತು. ಕಲ್ಲಿದ್ದಲಿನ ಖರ್ಚೂ ಹುಟ್ಟದ ದರವದು. ವ್ಯಾಪಾರ ಮಾಡುವುದಕ್ಕಲ್ಲ, ಎದುರಾಳಿಯನ್ನು ಮುಳುಗಿಸುವುದಕ್ಕೆ ಹೂಡಿದ ದರ. ಟಾಟಾ ಬಾಡಿಗೆಗೆ ಪಡೆದಿದ್ದ 'ಆನಿ ಬ್ಯಾರೋ' ಮೊದಲಾದ ಹಡಗುಗಳಿಗೆ ಸರಕು ಸಾಲದಾಯಿತು. ಮೊದಲು ಬೆನ್ನು ತಟ್ಟಿದ್ದ ಮುಂಬಯಿಯ ವರ್ತಕರಲ್ಲಿ ಅನೇಕರು ಅಗ್ಗದ ಬಾಡಿಗೆಯ ಕಡೆಗೆ ವಾಲಿದರು. ಬ್ರಿಟಿಷ್ ಸರಕಾರಕ್ಕೆ ಸಲ್ಲಿಸಿದ ದೂರಿನಿಂದ ಫಲ ದೊರೆಯಲಿಲ್ಲ. ಲಕ್ಷ ರೂಪಾಯಿಗೂ ಮಿಕ್ಕಿದ ನಷ್ಟದೊಂದಿಗೆ ಟಾಟಾ ಹಡಗು ಮಾರ್ಗ ನಿಂತುಹೋಯಿತು. ಜಪಾನಿನ ಕಂಪನಿಯ ಗತಿ ಬೇರೆ. ಅದರ ಬೆನ್ನಿಗೆ ಗಿರಣಿಗಳ ಸಂಘದ ಕರಾರು ಇತ್ತು. ಒಂದೂವರೆ ರೂಪಾಯಿಯ ಆಮಿಷಕ್ಕೆ ಆ ಸಂಘ ಬಾಗಲಿಲ್ಲ. ಕೊನೆಗೆ 1896ರಲ್ಲಿ ಪಿ. ಆಂಡ್ ಓ. ಕಂಪನಿಯೇ ಜಪಾನೀಯರೊಡನೆ ಒಪ್ಪಂದಕ್ಕೆ ಬಂದು ಮಾರ್ಗವನ್ನು ಹಂಚಿಕೊಂಡಿತು.

ಈ ಪ್ರಸಂಗವನ್ನು ಸ್ವದೇಶಿ ಸಾಹಸದ ಕಥೆಯಾಗಿ ಹೇಳುವವರು ಅದರ ಅರ್ಧವನ್ನು ಮಾತ್ರ ಹೇಳುತ್ತಾರೆ ಎಂಬುದು ನಮ್ಮ ಭಾವನೆ. ಸಾಹಸವೇನೋ ಸರಿ. ಆದರೆ ಪರಿಣಾಮವನ್ನು ನೋಡಬೇಕು. ಅಗ್ಗದ ಬಾಡಿಗೆಯನ್ನು ಮುಂಬಯಿಯ ಗಿರಣಿ ಮಾಲೀಕರು ಬಯಸಿದ್ದು ತಮ್ಮ ನೂಲನ್ನು ಪೂರ್ವಕ್ಕೆ ಕಳುಹಿಸುವುದಕ್ಕೆ. ತೆರೆದ ಮಾರ್ಗವು ಹೊತ್ತದ್ದು ಒಸಾಕಾಕ್ಕೆ ಬೇಕಾದ ಅರಳೆಯನ್ನು. ಜಪಾನ್ ಸರಕಾರವು 1894ರಲ್ಲಿ ನೂಲಿನ ರಫ್ತು ಸುಂಕವನ್ನೂ 1896ರಲ್ಲಿ ಅರಳೆಯ ಆಮದು ಸುಂಕವನ್ನೂ ತೆಗೆದುಹಾಕಿತು. 1897ರಲ್ಲಿ ಆ ದೇಶದ ನೂಲಿನ ರಫ್ತು ಆಮದನ್ನು ಮೀರಿತು. ಜಪಾನಿನಲ್ಲಿ ಮುಂಬಯಿ ನೂಲಿಗೆ ಜಾಗವಿಲ್ಲದಾಯಿತು. ಕಾಲಕ್ರಮದಲ್ಲಿ ಚೀನದ ಪೇಟೆಯೂ ಕೈಬಿಟ್ಟಿತು. ಅದೇ 1890ರ ದಶಕದಲ್ಲಿ ಭಾರತ ಸರಕಾರವು ಲ್ಯಾಂಕಶೈರಿನ ಒತ್ತಾಯಕ್ಕೆ ಮಣಿದು ದೇಶೀ ಗಿರಣಿ ಬಟ್ಟೆಯ ಮೇಲೆ ಮೂರೂವರೆ ಶೇಕಡಾ ಅಬಕಾರಿ ಸುಂಕ ಹೇರಿತೆಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ಎರಡು ಏಷ್ಯನ್ ದೇಶಗಳ ದಾರಿಗಳು ಎಲ್ಲಿ ಕವಲೊಡೆದವೆಂಬುದು ತಿಳಿಯುತ್ತದೆ. ಒಂದು ಕಡೆ ಸರಕಾರ, ಹಡಗು, ಗಿರಣಿ ಮೂರೂ ಒಂದೇ ನೊಗಕ್ಕೆ ಹೂಡಿದ್ದವು. ಇನ್ನೊಂದು ಕಡೆ ಗಿರಣಿಗೆ ಸರಕಾರವೂ ಇರಲಿಲ್ಲ, ಹಡಗೂ ಇರಲಿಲ್ಲ.

ಹಡಗಿನ ಹಿಂದೆಯೇ ಬ್ಯಾಂಕು ಬಂತು. ಯೊಕೊಹಾಮಾ ಸ್ಪೀಸಿ ಬ್ಯಾಂಕು 1894ರಲ್ಲಿ ಮುಂಬಯಿಯಲ್ಲಿ ಶಾಖೆ ತೆರೆಯಿತು. ಮಿತ್ಸುಯಿ, 1892ರಲ್ಲಿ ಸ್ಥಾಪನೆಯಾದ ನಿಪ್ಪಾನ್ ಮೆಂಕಾ, ಗೋಶೋ, ಮಿತ್ಸುಯಿಯ ಹತ್ತಿ ವಿಭಾಗದಿಂದ 1920ರಲ್ಲಿ ಬೇರ್ಪಟ್ಟ ತೋಯೋ ಮೆಂಕಾ—ಈ ಕೊಳ್ಳುವ ಕಂಪನಿಗಳು ಮೊದಲು ಮುಂಬಯಿಯಲ್ಲಿ ನಿಂತು ದಲಾಲರ ಮೂಲಕ ಕೊಂಡವು. ಬಳಿಕ ಹತ್ತಿಯ ಸೀಮೆಗಳೊಳಗೆ ಸಾಗಿ ಖರೀದಿಯ ಠಾಣ್ಯಗಳನ್ನು ಹೂಡಿದವು, ಜಿನ್ನು ಮತ್ತು ಪ್ರೆಸ್ಸುಗಳನ್ನು ನಡೆಸಿದವು. ಮೊದಲ ಮಹಾಯುದ್ಧದ ಹೊತ್ತಿಗೆ ಭಾರತದ ಅರಳೆಯ ಅತಿ ದೊಡ್ಡ ವಿದೇಶಿ ಗಿರಾಕಿ ಜಪಾನ್ ಆಗಿತ್ತು. ಒಳ್ಳೆಯ ವರ್ಷಗಳಲ್ಲಿ ಒಟ್ಟು ರಫ್ತಿನ ಸುಮಾರು ಅರ್ಧದಷ್ಟು ಅಲ್ಲಿಗೆ ಹೋಗುತ್ತಿತ್ತು. ರೈತನ ಗಾಡಿಯಿಂದ ಇಳಿದ ಅಂಡಿಗೆಯು ಜಪಾನೀ ಕಂಪನಿಯ ಪ್ರೆಸ್ಸಿನಲ್ಲಿ ಬೇಲಾಗಿ, ಜಪಾನೀ ಬ್ಯಾಂಕಿನ ಹಣದಿಂದ, ಜಪಾನೀ ಹಡಗಿನಲ್ಲಿ ಕೋಬೆ ಸೇರುವ ವ್ಯವಸ್ಥೆ ಹೀಗೆ ರೂಪುಗೊಂಡಿತು. ಮುಂಬಯಿಯ ಓದುಗರು ದಿನವೂ ಹಾರ್ಬರ್ ಮಾರ್ಗದಲ್ಲಿ ಹಾದುಹೋಗುವ ಕಾಟನ್ ಗ್ರೀನ್ ನಿಲ್ದಾಣದ ಹೆಸರು ಆ ಕಾಲದ್ದೇ. 1920ರ ದಶಕದಲ್ಲಿ ಕೊಲಾಬಾದಿಂದ ಶಿವಡಿಯ ಕಡೆಗೆ ಸ್ಥಳಾಂತರಗೊಂಡ ಹತ್ತಿ ದಾಸ್ತಾನಿನ ಅಂಗಳದ ನೆನಪು ಅದರಲ್ಲಿದೆ.

ಕೋಬೆಯಲ್ಲಿ ಭಾರತೀಯರಿರಲಿಲ್ಲವೆಂದಲ್ಲ. ಸಿಂಧಿ ಮತ್ತು ಗುಜರಾತಿ ವರ್ತಕರು ಅಲ್ಲಿ ನೆಲೆಸಿದ್ದರು. 1923ರ ಭೂಕಂಪದಲ್ಲಿ ಯೊಕೊಹಾಮಾ ನಾಶವಾದಾಗ ಅಲ್ಲಿಂದಲೂ ಅನೇಕರು ಕೋಬೆಗೆ ಬಂದರು. 1935ರಲ್ಲಿ ಕಟ್ಟಲ್ಪಟ್ಟ ಕೋಬೆಯ ಮಸೀದಿಗೆ ಭಾರತೀಯ ಮುಸ್ಲಿಂ ವರ್ತಕರೂ ಹಣ ಕೂಡಿಸಿದ್ದರು. ಆದರೆ ಇವರ ಕಸುಬು ಜಪಾನಿನ ಬಟ್ಟೆಯನ್ನು, ರೇಷ್ಮೆಯನ್ನು, ಚಿಲ್ಲರೆ ಸಾಮಾನನ್ನು ಹೊರದೇಶಗಳಿಗೆ ಕಳುಹಿಸುವುದಾಗಿತ್ತು. ಮುಂಬಯಿಯ ಜಪಾನೀ ವರ್ತಕನು ತನ್ನ ದೇಶದ ಗಿರಣಿಗಾಗಿ ಕೊಂಡನು. ಕೋಬೆಯ ಭಾರತೀಯ ವರ್ತಕನೂ ಕಡೆಗೆ ಜಪಾನಿನ ಗಿರಣಿಗಾಗಿಯೇ ಮಾರಿದನು. ಇದು ನೈತಿಕ ದೋಷಾರೋಪಣೆಯಲ್ಲ. ವರ್ತಕನು ಲಾಭವಿದ್ದ ಕಡೆ ಇರುತ್ತಾನೆ. ಸೇವೆಗಳ ತಕ್ಕಡಿ ಯಾವ ಕಡೆ ವಾಲಿತ್ತೆಂಬುದಷ್ಟೇ ಇಲ್ಲಿ ಪ್ರಸ್ತುತ.

ಟಾಟಾ ಮಾರ್ಗದ ವೈಫಲ್ಯದ ನೆನಪು ಮುಂಬಯಿಯಲ್ಲಿ ಅಳಿಯಲಿಲ್ಲ. 1919ರಲ್ಲಿ ಸಿಂಧಿಯಾ ಹಡಗು ಕಂಪನಿ ಹುಟ್ಟಿತು. ಅದೂ ಬ್ರಿಟಿಷ್ ಕಂಪನಿಗಳ ದರಸಮರವನ್ನು ಎದುರಿಸಿ, 1923ರ ಒಪ್ಪಂದದಿಂದಾಗಿ ಬಹುಮಟ್ಟಿಗೆ ಕರಾವಳಿಯ ಸಾಗಣೆಗೆ ಸೀಮಿತವಾಗಬೇಕಾಯಿತು. ಜಪಾನಿನ ಮಾರ್ಗದಲ್ಲಿ ಭಾರತದ ಹಡಗಿಗೆ ಎಡೆಯಾಗಲಿಲ್ಲ.

ಹೋದ ಅರಳೆಯು ಅರಿವೆಯಾಗಿ ಹಿಂದಿರುಗಿದ ಘಟ್ಟ ಇನ್ನು ಮುಂದಿನದು. 1913–14ರಲ್ಲಿ ಭಾರತಕ್ಕೆ ಬಂದ ಜಪಾನಿನ ಬಟ್ಟೆ ಒಂದು ಕೋಟಿ ಗಜಕ್ಕೂ ಕಡಿಮೆ; ಬ್ರಿಟನ್ನಿನ ಬಟ್ಟೆಯ ಮುಂದೆ ಲೆಕ್ಕಕ್ಕೇ ಬಾರದಷ್ಟು. 1932–33ರಲ್ಲಿ ಅದು ಸುಮಾರು 58 ಕೋಟಿ ಗಜವಾಗಿ ಬ್ರಿಟನ್ನಿನ ಸಮಸಮಕ್ಕೆ ಬಂದಿತ್ತು. ಈ ಏರಿಕೆಗೆ ಕಾರಣಗಳು ಹಲವು. ಗಿರಣಿಗಳ ಯಂತ್ರ ಮತ್ತು ಆಡಳಿತದ ದಕ್ಷತೆ ಒಂದು. ಹೆಂಗಸರಿಂದ ರಾತ್ರಿ ಪಾಳಿಯಲ್ಲಿ ದುಡಿಸಿಕೊಳ್ಳುತ್ತಿದ್ದುದು ಇನ್ನೊಂದು. ಫ್ರಾಂಕ್ ನಾಯ್ಸ್ ಅಧ್ಯಕ್ಷರಾಗಿದ್ದ 1926–27ರ ಹತ್ತಿ ಜವಳಿ ಸುಂಕ ಮಂಡಳಿ ಇದನ್ನು ಅನುಚಿತ ಸ್ಪರ್ಧೆಯೆಂದು ಎತ್ತಿ ತೋರಿಸಿತ್ತು. ಜಪಾನಿನಲ್ಲಿ ಆ ಪದ್ಧತಿ 1929ರ ಜುಲೈಯಿಂದ ನಿಂತಿತು. ಆದರೂ ಬಟ್ಟೆಯ ಹೊಳೆ ನಿಲ್ಲಲಿಲ್ಲ. 1931ರ ಡಿಸೆಂಬರಿನಲ್ಲಿ ಜಪಾನ್ ಚಿನ್ನದ ಪ್ರಮಾಣವನ್ನು ಕೈಬಿಟ್ಟ ಮೇಲೆ ರೂಪಾಯಿಯ ಎದುರು ಯೆನ್ನಿನ ಬೆಲೆ ಮೂರನೇ ಒಂದು ಭಾಗಕ್ಕೂ ಮಿಕ್ಕು ಕುಸಿದಿದ್ದೇ ನಿರ್ಣಾಯಕವಾಯಿತೆನ್ನಬೇಕು.

ಸರಕಾರದ ಉತ್ತರ ಸುಂಕದ ಏರಿಕೆಯ ರೂಪದಲ್ಲಿ ಬಂತು. ಬ್ರಿಟನ್ನಿಗೆ ಸೇರದ ಬಟ್ಟೆಯ ಮೇಲಣ ಸುಂಕ 1930ರಲ್ಲಿ ನೂರಕ್ಕೆ 20 ಇದ್ದುದು, 1932ರ ಆಗಸ್ಟಿನಲ್ಲಿ 50 ಆಯಿತು, 1933ರ ಜೂನಿನಲ್ಲಿ 75 ಆಯಿತು. ಅದಕ್ಕೂ ಮುಂಚೆ, 1933ರ ಏಪ್ರಿಲಿನಲ್ಲಿ, 1904ರ ಭಾರತ–ಜಪಾನ್ ವ್ಯಾಪಾರ ಒಪ್ಪಂದವನ್ನು ರದ್ದುಪಡಿಸುವ ನೋಟೀಸು ನೀಡಲಾಗಿತ್ತು. ಜಪಾನಿನ ನೂಲು ಗಿರಣಿಗಳ ಸಂಘ ಪ್ರತ್ಯುತ್ತರವಾಗಿ ಜೂನಿನಲ್ಲಿ ಭಾರತದ ಅರಳೆಯ ಬಹಿಷ್ಕಾರವನ್ನು ಸಾರಿತು. ನಲವತ್ತು ವರ್ಷಗಳ ಹಿಂದೆ ಹಡಗಿನ ಕರಾರಿಗೆ ಒಟ್ಟಾಗಿ ನಿಂತಿದ್ದ ಅದೇ ಸಂಘ ಈಗ ಒಟ್ಟಾಗಿ ಕೊಳ್ಳದೆ ನಿಂತಿತು. ಖರೀದಿಯೆಲ್ಲ ಕೆಲವೇ ಕಂಪನಿಗಳ ಕೈಯಲ್ಲಿದ್ದುದರಿಂದ ಬಹಿಷ್ಕಾರವನ್ನು ಜಾರಿಗೊಳಿಸುವುದು ಸುಲಭವಾಯಿತು. ಸೇವೆಗಳ ಒಡೆತನವು ಎಂತಹ ಆಯುಧವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಬಿಡಿಬಿಡಿಯಾದ ನೂರಾರು ವರ್ತಕರಿದ್ದ ಪೇಟೆಯಲ್ಲಿ ಅರ್ಧ ವರ್ಷದ ಬಹಿಷ್ಕಾರ ನಡೆಯುತ್ತಿರಲಿಲ್ಲ.

ಬೆಲೆಯ ಮಾತು ಬರುವುದು ಇಲ್ಲಿ. ಹತ್ತಿಯ ಜಾತಿಗಳು ಬೇರೆಯಾದರೂ ಪೇಟೆ ಒಂದೇ. ಮುಂಬಯಿಯಲ್ಲಿ 1921ರಲ್ಲಿ ಸ್ಥಾಪಿತವಾದ ಈಸ್ಟ್ ಇಂಡಿಯಾ ಕಾಟನ್ ಅಸೋಸಿಯೇಶನ್ ನಡೆಸುತ್ತಿದ್ದ ವಾಯಿದೆಯ ವ್ಯಾಪಾರದಲ್ಲಿ ಭರೂಚಿನ ಹತ್ತಿಗೆ ನಿಗದಿಯಾದ ಬೆಲೆಯನ್ನು ನೋಡಿಕೊಂಡು ಇತರ ಜಾತಿಗಳ ಬೆಲೆ ಏರುತ್ತಿತ್ತು, ಇಳಿಯುತ್ತಿತ್ತು. ಉಮ್ರಾ ಮಾರಾಟವಾಗದೆ ಉಳಿದರೆ ದೇಶದ ಗಿರಣಿ ಅದನ್ನೇ ಅಗ್ಗಕ್ಕೆ ಕೊಂಡು ಬೆರಕೆಯಲ್ಲಿ ಹೆಚ್ಚಿಸಿಕೊಳ್ಳುತ್ತದೆ. ಕುಮಟಾ ಹತ್ತಿಗೆ ಕೊಡುತ್ತಿದ್ದ ಹೆಚ್ಚುವರಿ ಬೆಲೆಗೆ ಕತ್ತರಿ ಬೀಳುತ್ತದೆ. ಜಪಾನಿಗೆ ಒಂದು ಬೇಲನ್ನೂ ಮಾರದ ರೋಣ ಅಥವಾ ನವಲಗುಂದದ ಒಕ್ಕಲಿಗನಿಗೂ ಒಸಾಕಾದ ಠರಾವು ತಟ್ಟುವುದು ಈ ದಾರಿಯಿಂದ. 1910ರ ದಶಕದ ಉತ್ತರಾರ್ಧದಲ್ಲಿ ಹುಬ್ಬಳ್ಳಿ, ಗದಗಗಳಲ್ಲಿ ಆರಂಭವಾದ ಸಹಕಾರಿ ಹತ್ತಿ ಮಾರಾಟ ಸಂಘಗಳು ಅಡತಿ, ದಲಾಲಿ, ತೂಕದ ಮೋಸಗಳಿಂದ ರೈತನನ್ನು ಕಾಪಾಡಲು ಯತ್ನಿಸಿದವು. 1923ರ ಹತ್ತಿ ಸಾಗಣೆ ಕಾಯಿದೆಯು ಹೊರಗಿನ ಕೀಳು ಹತ್ತಿ ತಂದು ಬೆರೆಸುವುದನ್ನು ತಡೆಯುವ ಉದ್ದೇಶದ್ದಾಗಿತ್ತು. ಗದಗ ಮತ್ತು ಧಾರವಾಡಗಳ ಹೆಸರಿನಲ್ಲಿ ಸುಧಾರಿತ ತಳಿಗಳೂ ಬಂದವು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಬೆಲೆ ಹುಟ್ಟುತ್ತಿದ್ದ ಜಾಗಕ್ಕೆ ಇವುಗಳ ಕೈ ನಿಲುಕುವಂತಿರಲಿಲ್ಲ.

1933ರ ಸೆಪ್ಟೆಂಬರಿನಲ್ಲಿ ಸಿಮ್ಲಾದಲ್ಲಿ ಮಾತುಕತೆ ಆರಂಭವಾಗಿ ಬಳಿಕ ದಿಲ್ಲಿಯಲ್ಲಿ ಮುಂದುವರಿಯಿತು. ಭಾರತದ ಪರವಾಗಿ ವಾಣಿಜ್ಯ ಸದಸ್ಯ ಸರ್ ಜೋಸೆಫ್ ಭೋರ್, ಜಪಾನಿನ ಪರವಾಗಿ ಸವಾದಾ ಸೆತ್ಸುಜೊ ಮುಂದಾಳುಗಳು. ಸುಂಕ ಮಂಡಳಿಯ ಅಧ್ಯಕ್ಷರಾಗಿದ್ದ ನಾಯ್ಸ್ ಈಗ ಭಾರತ ಸರಕಾರದ ಸದಸ್ಯರಾಗಿ ಈ ನಿಯೋಗದಲ್ಲಿದ್ದರು. ಇದೇ ಕಾಲಕ್ಕೆ ಲ್ಯಾಂಕಶೈರಿನ ನಿಯೋಗವೊಂದು ಮುಂಬಯಿಗೆ ಬಂದು, ಅಕ್ಟೋಬರ್ 28ರಂದು ಗಿರಣಿ ಮಾಲೀಕರ ಸಂಘದ ಎಚ್. ಪಿ. ಮೋದಿಯವರೊಡನೆ ಬೇರೊಂದು ಒಡಂಬಡಿಕೆ ಮಾಡಿಕೊಂಡಿತು. ದೇಶದ ಹಲವು ವರ್ತಕ ಸಂಘಗಳು ಮೋದಿಯವರ ಮೇಲೆ ಕೆರಳಿದವು. ಎರಡು ದೇಶಗಳ ಮಾತುಕತೆಯೆಂದು ಕರೆಯಲಾದದ್ದು ವಾಸ್ತವವಾಗಿ ಮೂವರ ಮಾತುಕತೆ.

1934ರ ಜನವರಿಯ ಮೊದಲ ವಾರದಲ್ಲಿ ಒಮ್ಮತ ಮೂಡಿತು. ಜುಲೈ 12ರಂದು ಒಪ್ಪಂದಕ್ಕೆ ಸಹಿ ಬಿದ್ದದ್ದು ದಿಲ್ಲಿಯಲ್ಲೂ ಅಲ್ಲ, ತೋಕಿಯೋದಲ್ಲೂ ಅಲ್ಲ, ಲಂಡನ್ನಿನಲ್ಲಿ. ಅದರ ಲೆಕ್ಕ ಹೀಗಿತ್ತು: ಜಪಾನ್ ವರ್ಷಕ್ಕೆ ಭಾರತದ 10 ಲಕ್ಷ ಬೇಲು ಅರಳೆ ಕೊಂಡರೆ 32.5 ಕೋಟಿ ಗಜ ಬಟ್ಟೆಯನ್ನು ಭಾರತಕ್ಕೆ ಕಳುಹಿಸಬಹುದು. ಅದರ ಮೇಲೆ ಕೊಂಡ ಪ್ರತಿ 10,000 ಬೇಲಿಗೆ 15 ಲಕ್ಷ ಗಜದಂತೆ ಹೆಚ್ಚಿಸಬಹುದು. 15 ಲಕ್ಷ ಬೇಲಿಗೆ 40 ಕೋಟಿ ಗಜ ಪರಮಾವಧಿ. ಸುಂಕ ನೂರಕ್ಕೆ 50. ಬಟ್ಟೆಯ ಬಗೆಗಳಿಗೂ ಪಾಲು ಗೊತ್ತುಮಾಡಲಾಗಿತ್ತು: ಸಾದಾ ಕೋರಾ ನೂರಕ್ಕೆ 45, ಅಂಚಿನ ಕೋರಾ 13, ಬಿಳುಪು 8, ಬಣ್ಣದ್ದು 34. ಧೋತರ, ಸೀರೆಗಳ ಅಂಚಿನವರೆಗೂ ಇಳಿದ ಅಂತಾರಾಷ್ಟ್ರೀಯ ಒಪ್ಪಂದಗಳು ಬಹಳವಿಲ್ಲ.

ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡುವುದು ಉಚಿತ. ಒಂದು ಬೇಲೆಂದರೆ 400 ಪೌಂಡು ಅರಳೆ. ನೂಲುವಾಗ ಏಳನೇ ಒಂದು ಭಾಗದಷ್ಟು ಹಾಳಾಯಿತೆಂದೂ, ಒಂದು ಪೌಂಡಿಗೆ ನಾಲ್ಕು ಗಜ ಬಟ್ಟೆಯಾಯಿತೆಂದೂ ಒರಟಾಗಿ ಇಟ್ಟುಕೊಂಡರೆ ಬೇಲೊಂದರಿಂದ 1,300 ಗಜಕ್ಕೂ ಮೇಲ್ಪಟ್ಟು ಬಟ್ಟೆ ಹುಟ್ಟುತ್ತದೆ. ಒಪ್ಪಂದವು ಬೇಲಿಗೆ ಸರಿಗಟ್ಟಿದ್ದು 325 ಗಜ. ಹೆಚ್ಚುವರಿ ಬೇಲಿಗಂತೂ 150 ಗಜ. ಅಂದರೆ ಕೊಂಡ ಅರಳೆಯ ಸುಮಾರು ಕಾಲು ಭಾಗ ಮಾತ್ರ ಬಟ್ಟೆಯಾಗಿ ಇಲ್ಲಿಗೆ ಮರಳುವುದು. ಮಿಕ್ಕ ಮುಕ್ಕಾಲು ಜಪಾನಿನ ಮನೆಗಳಿಗೂ ಇತರ ದೇಶಗಳ ಪೇಟೆಗಳಿಗೂ ಹೋಗುವುದು. ಭಾರತದ ಕೃಷಿಕನ ದೃಷ್ಟಿಯಿಂದ ಒಪ್ಪಂದವು ಬೇಡಿಕೆಗೊಂದು ತಳಹದಿ ಕೊಟ್ಟಿತು, ಅದನ್ನು ಅಲ್ಲಗಳೆಯಲಾಗದು. ಬಹಿಷ್ಕಾರ ಕೊನೆಗೊಂಡಿತು. ದೇಶದ ಗಿರಣಿಗಳಿಗೂ ಮಿತಿಯೊಳಗಿನ ರಕ್ಷಣೆ ದೊರೆಯಿತು. ಕೆಟ್ಟ ಪರಿಸ್ಥಿತಿಯಲ್ಲಿ ಮಾಡಿಕೊಂಡ ಜಾಣ ಒಪ್ಪಂದವೆಂದೇ ನಾವು ಇದನ್ನು ತೂಗುತ್ತೇವೆ. ಆದರೆ ಬೇಲು ಮತ್ತು ಗಜಗಳ ಈ ಲೆಕ್ಕದಲ್ಲಿ ಹಡಗಿನ ಬಾಡಿಗೆ, ವಿಮೆ, ಬ್ಯಾಂಕಿನ ಬಡ್ಡಿ, ಖರೀದಿ ಕಂಪನಿಯ ಕಮಿಶನ್ ಇವು ಯಾವ ಕಡೆಗೂ ಸೇರಿರಲಿಲ್ಲ. ಎರಡೂ ದಿಕ್ಕಿನ ಸರಕಿನ ಮೇಲೆ ಇವನ್ನು ಪಡೆಯುತ್ತಿದ್ದವರು ಬಹುತೇಕ ಒಂದೇ ದೇಶದವರಾಗಿದ್ದರು. 1935–36ರ ಹೊತ್ತಿಗೆ ಮಿತಿಯಿದ್ದೂ ಜಪಾನಿನ ಬಟ್ಟೆ ಬ್ರಿಟನ್ನಿನದನ್ನು ಮೀರಿತ್ತು.

ಹತ್ತಿಯ ಜೊತೆಯಲ್ಲಿ ರೇಷ್ಮೆಯ ಮಾತನ್ನೂ ಎತ್ತದೆ ಬಿಡಲಾಗದು. ಇಲ್ಲಿ ಕನ್ನಡ ನಾಡಿನ ಸಂಬಂಧ ನೇರವಾದದ್ದು. ಟಾಟಾ ಜಪಾನಿನಿಂದ ಹೊತ್ತು ತಂದ ಯೋಚನೆಗಳಲ್ಲಿ ರೇಷ್ಮೆ ಕೃಷಿಯೂ ಒಂದು. 1890ರ ದಶಕದ ಉತ್ತರಾರ್ಧದಲ್ಲಿ ಮೈಸೂರು ಸರಕಾರದ ನೆರವಿನಿಂದ ಬೆಂಗಳೂರಿನ ಬಸವನಗುಡಿಯ ಆಚೆ ಅವರು ಒಂದು ಪ್ರಾಯೋಗಿಕ ರೇಷ್ಮೆ ತೋಟ ಸ್ಥಾಪಿಸಿದರು. ಅದನ್ನು ನಡೆಸಲು ಒಡ್ಜು ಎಂಬ ಜಪಾನೀ ದಂಪತಿಗಳನ್ನು ಕರೆಸಿದರು. ಹುಳುವಿನ ರೋಗ ಗುರುತಿಸುವ, ನೂಲು ತೆಗೆಯುವ ಜಪಾನೀ ಕ್ರಮಗಳ ಶಿಕ್ಷಣ ಅಲ್ಲಿ ದೊರೆಯಿತು. 1910ರಲ್ಲಿ ಆ ತೋಟ ಸಾಲ್ವೇಶನ್ ಆರ್ಮಿಯ ಕೈಗೆ ಹೋಯಿತು. 'ಟಾಟಾ ಸಿಲ್ಕ್ ಫಾರಂ' ಎಂಬ ಬಡಾವಣೆಯ ಹೆಸರಿನಲ್ಲಿ ಅದು ಇಂದಿಗೂ ಉಳಿದಿದೆ. ಈ ಇಡೀ ಅವಧಿಯಲ್ಲಿ ಜಪಾನಿನಿಂದ ನಮಗೆ ಬಂದ ಸೇವೆಗಳಲ್ಲಿ ಇಲ್ಲಿನವರ ಕೈಯಲ್ಲೇ ಉಳಿದದ್ದು ಈ ಕಸುಬಿನ ವಿದ್ಯೆಯೊಂದೇ ಇರಬಹುದು. ವಿದ್ಯೆ ಕಲಿಸಿದ ದೇಶದ ರೇಷ್ಮೆಯೇ 1930ರ ದಶಕದ ಮುಗ್ಗಟ್ಟಿನಲ್ಲಿ ಚೀನದ ರೇಷ್ಮೆಯೊಡನೆ ಅಗ್ಗವಾಗಿ ಬಂದು ಮೈಸೂರಿನ ಹುಳು ಸಾಕುವವರನ್ನು ಕಂಗೆಡಿಸಿತು. ಸುಂಕ ಮಂಡಳಿಯ ವಿಚಾರಣೆಯ ಬಳಿಕ 1934ರಲ್ಲಿ ರೇಷ್ಮೆಗೂ ರಕ್ಷಣಾ ಸುಂಕ ವಿಧಿಸಬೇಕಾಯಿತು.

1937ರಲ್ಲಿ ಬರ್ಮಾ ಬೇರ್ಪಟ್ಟ ಕಾರಣ ಒಪ್ಪಂದ ನವೀಕರಣಗೊಂಡಾಗ ಭಾರತದ ಪಾಲಿನ ಮಿತಿಗಳು 28.3 ಕೋಟಿ ಮತ್ತು 35.8 ಕೋಟಿ ಗಜಗಳಾದವು. ಅದೇ ವರ್ಷ ಜುಲೈಯಲ್ಲಿ ಚೀನದೊಡನೆ ಯುದ್ಧ ಆರಂಭವಾಗಿ ಜಪಾನ್ ವಿದೇಶಿ ವಿನಿಮಯವನ್ನು ಬಿಗಿಹಿಡಿಯಿತು. ಅರಳೆಯ ಖರೀದಿ ಇಳಿಯಿತು. 1941ರ ಜುಲೈಯಲ್ಲಿ ಜಪಾನೀಯರ ಆಸ್ತಿಗಳನ್ನು ಸ್ತಂಭನಗೊಳಿಸಿದ ಆಜ್ಞೆಯೊಂದಿಗೆ ಹಡಗು, ಬ್ಯಾಂಕು, ಖರೀದಿಯ ಠಾಣ್ಯ ಎಲ್ಲವೂ ಒಮ್ಮೆಲೇ ನಿಂತವು. ಗಿಡ್ಡ ಎಳೆಯ ಹತ್ತಿಗೆ ಗಿರಾಕಿಯೇ ಇಲ್ಲದ ಸ್ಥಿತಿ ಒದಗಿ, ಆ ಹತ್ತಿಯನ್ನು ಬಿತ್ತುವುದನ್ನು ಕಡಿಮೆ ಮಾಡಿರೆಂದು ಸರಕಾರಗಳು ರೈತರಿಗೆ ಹೇಳತೊಡಗಿದವು.

ಭಾರತವು ಸ್ವತಂತ್ರ ದೇಶವಾಗಿ ಜಪಾನಿನೊಡನೆ ಶಾಂತಿ ಒಪ್ಪಂದ ಮಾಡಿಕೊಂಡದ್ದು 1952ರ ಜೂನ್ 9ರಂದು. ಆ ದಶಕದಲ್ಲಿ ಅರಳೆಯ ಸ್ಥಾನವನ್ನು ಕಬ್ಬಿಣದ ಅದಿರು ಪಡೆಯಿತು. ಒಂದು ಕಾಲಕ್ಕೆ ಕುಮಟೆಯ ಹತ್ತಿಯನ್ನು ತನ್ನ ಕಡೆಗೆ ಸೆಳೆದುಕೊಂಡಿದ್ದ ಮರ್ಮಗೋವೆಯಿಂದ, ಇನ್ನೂ ಪೋರ್ತುಗೀಜರ ಆಳ್ವಿಕೆಯಿದ್ದಾಗಲೇ, ಅದಿರಿನ ಹಡಗುಗಳು ಜಪಾನಿಗೆ ಹೊರಟವು. 2011ರ ಆಗಸ್ಟಿನಲ್ಲಿ ಜಾರಿಗೆ ಬಂದ ಸಮಗ್ರ ಆರ್ಥಿಕ ಸಹಭಾಗಿತ್ವದ ಒಪ್ಪಂದದಲ್ಲಿ ಸರಕುಗಳಿಗೆ ಒಂದು ಅಧ್ಯಾಯವಿದ್ದಂತೆ ಸೇವೆಗಳಿಗೂ ಪ್ರತ್ಯೇಕ ಅಧ್ಯಾಯವಿದೆ. 1893ರಲ್ಲಿ 'ಹಿರೋಶಿಮಾ ಮಾರು' ಕೋಬೆಯ ಧಕ್ಕೆ ಬಿಟ್ಟು ಆಗ ಸುಮಾರು 118 ವರ್ಷಗಳಾಗುತ್ತ ಬಂದಿದ್ದವು.